ಲೈನ್ ಕ್ಲಿಯರ್ ಅಂದದ್ದು ಯಾರು

ಬೆಳಿಗ್ಗೆ ಹನ್ನೊಂದು ಗಂಟೆ ಹದಿನೇಳು ನಿಮಿಷ. ಈ ಗಂಟೆಯನ್ನು ನಾನು ನೆನಪಿಟ್ಟುಕೊಳ್ಳುವ ಅಗತ್ಯವೇ ಇಲ್ಲ. ನಮ್ಮ ಸಬ್‌ಸ್ಟೇಷನ್ನಿನ ಲಾಗ್ ಪುಸ್ತಕದಲ್ಲಿ ನೀಲಿ ಇಂಕಿನಲ್ಲಿ ಬರೆದಿದೆ: 'ಫೀಡರ್ ಚಾರ್ಜ್, ತಕ್ಷಣ ಟ್ರಿಪ್.' ನಾಲ್ಕೇ ಪದ: ಸಬ್‌ಸ್ಟೇಷನ್ನಿನಿಂದ ಹೊರಡುವ ಲೈನಿಗೆ, ಅಂದರೆ ಫೀಡರಿಗೆ, ಕರೆಂಟು ಹಾಕಿದ್ದೇ ತಡ ತಾನಾಗಿ ಆಫ್ ಆಯಿತು ಎಂದರ್ಥ. ಅವನ್ನು ಬರೆಯುವ ಹೊತ್ತಿಗೆ ಮಧುವನಹಳ್ಳಿಯ ರಸ್ತೆ ಬದಿಯ ಕಂಬದ ಮೇಲೆ ಪುಟ್ಟಮಾದು ಎಂಬ ಲೈನ್‌ಮ್ಯಾನ್ ಇದ್ದ. ಕಂಬದ ಕೆಳಗೆ ಶಾಖಾಧಿಕಾರಿಯಾದ ನಾನಿದ್ದೆ. ಒಂದು ಕಿಲೋಮೀಟರ್ ಆಚೆ, ಹನೂರಿನ ಕಡೆಯಿಂದ, ತೆರೆದ ವಾಹನದಲ್ಲಿ ಕೈಮುಗಿದುಕೊಂಡು ನಮ್ಮ ಭಾಗದ ನಾಯಕರು ಬರುತ್ತಿದ್ದರು.

ಕಳೆದ ತಿಂಗಳು ಹೊಸದಾಗಿ ಸೇರಿದ ಇಂಜಿನಿಯರುಗಳಿಗೆ ಅನುಭವದ ಎರಡು ಮಾತು ಹೇಳಿ ಎಂದು ನನ್ನನ್ನು ಕರೆದಿದ್ದರು. ನಿವೃತ್ತರಾದವರನ್ನು ಇಂಥದ್ದಕ್ಕೇ ಕರೆಯುವುದು. ನಲವತ್ತು ನಿಮಿಷ ಸುರಕ್ಷತೆಯ ಬಗ್ಗೆ ಮಾತಾಡಿ, ಈ ಒಂದು ವಿಷಯ ಬಿಟ್ಟು ಮಿಕ್ಕಿದ್ದೆಲ್ಲ ಹೇಳಿ, ಶಾಲು ಹೊದಿಸಿಕೊಂಡು ಬಂದೆ. ದಾರಿಯಲ್ಲಿ ಶಾಲು ಚುಚ್ಚತೊಡಗಿತು. ಆದ್ದರಿಂದ ಹೇಳದೆ ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಪದ. ನಮ್ಮ ಕೆಲಸದಲ್ಲಿ 'ಲೈನ್ ಕ್ಲಿಯರ್' ಎಂದರೆ ತಂತಿಯಲ್ಲಿ ಕರೆಂಟು ತೆಗೆಸಿಕೊಂಡು, ಇನ್ನು ಇದನ್ನು ಮುಟ್ಟಬಹುದು ಎಂದು ಸಬ್‌ಸ್ಟೇಷನ್ನಿನ ಆಪರೇಟರ್‌ನಿಂದ ಪಡೆಯುವ ಅನುಮತಿ. ಅದಕ್ಕೊಂದು ನಂಬರು ಇರುತ್ತದೆ. ಕೆಲಸ ಮುಗಿದು, ಎಲ್ಲರೂ ಕಂಬದಿಂದ ಇಳಿದ ಮೇಲೆ ಅದೇ ನಂಬರು ಹೇಳಿ ಲೈನ್ ಕ್ಲಿಯರನ್ನು ವಾಪಸ್ ಕೊಡಬೇಕು. ಆಮೇಲಷ್ಟೇ ಆಪರೇಟರ್ ಮತ್ತೆ ಕರೆಂಟು ಹಾಕುವುದು. ಇಷ್ಟು ಸರಳವಾದದ್ದನ್ನು ನಾನು ಕಾಲೇಜಿನಲ್ಲಿ ಓದಿ ಬಂದಿರಲಿಲ್ಲ. ಅಲ್ಲಿ ಯಂತ್ರಗಳ ಸಮೀಕರಣ ಕಲಿಸಿದ್ದರು. ಕಂಬದ ಮೇಲೆ ಮನುಷ್ಯ ಇರುತ್ತಾನೆಂದು ಯಾರೂ ಹೇಳಿರಲಿಲ್ಲ.

ಅದನ್ನು ಹೇಳಿದವನು ಪುಟ್ಟಮಾದು. ನನ್ನ ಮೊದಲ ಪೋಸ್ಟಿಂಗ್ ಯಳಂದೂರು. ಸೇರಿದ ವಾರದಲ್ಲೇ ಒಂದು ಕಂಬದ ಬಳಿ ನಿಂತು, ಗಟ್ಟಿ ದನಿಯಲ್ಲಿ, "ಕರೆಂಟ್ ಆಫ್ ಆಗಿದೆ, ಹತ್ತಪ್ಪಾ" ಎಂದೆ. ನನ್ನಷ್ಟೇ ವಯಸ್ಸಿನ ಪುಟ್ಟಮಾದು ಬೀಡಿಯನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ನನ್ನ ಮುಖ ನೋಡಿದ.

"ಆಫ್ ಆಗದೆ ಅಂತ ಯಾರು ಯೋಳಿದ್ದು ಮೇಡಂ?"

"ಆಪರೇಟರ್."

"ಅವನಿಗೆ ಯಾರು ಯೋಳಿದ್ದು?"

"ಮೀಟರ್ ತೋರಿಸುತ್ತಲ್ಲಪ್ಪ."

"ಮೀಟ್ರಿಗೆ ಎಂಡ್ರು ಮಕ್ಳು ಇದ್ದಾರಾ?" ಎಂದು, ತಾಮ್ರದ ಸರಪಳಿಯೊಂದನ್ನು ಚೀಲದಿಂದ ತೆಗೆದ. ಅದರ ಒಂದು ತುದಿಯನ್ನು ನೆಲಕ್ಕೆ ಹೊಡೆದ ಗೂಟಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಉದ್ದ ಕೋಲಿನಿಂದ ತಂತಿಗಳಿಗೆ ಸಿಕ್ಕಿಸಿದ. ಇನ್ನು ಯಾರಾದರೂ ತಪ್ಪಿ ಕರೆಂಟು ಹಾಕಿದರೂ ಅದು ಸರಪಳಿ ಹಿಡಿದು ಭೂಮಿಗೆ ಇಳಿಯುತ್ತದೆ, ಸಬ್‌ಸ್ಟೇಷನ್ನಿನಲ್ಲಿ ತಾನಾಗಿಯೇ ಆಫ್ ಆಗುತ್ತದೆ. "ಈಗ ಆಫ್ ಆಯ್ತು ಮೇಡಂ" ಎಂದು ಹತ್ತಿದ. ನಾನು ಡೈರಿಯಲ್ಲಿ ಬರೆದುಕೊಂಡೆ. ಬರೆದುಕೊಳ್ಳುವುದರಲ್ಲಿ ನಾನು ಯಾವತ್ತೂ ಮುಂದು.

ಬಡ್ತಿಗಳ ವಿಷಯ ಬಿಡುತ್ತೇನೆ. ಅವು ತಡವಾಗಿ ಬಂದವು, ಬಂದಾಗ ಸಿಹಿ ಹಂಚಿದೆ, ಅಷ್ಟೇ. ವರ್ಗವಾಗಿ ಕೊಳ್ಳೇಗಾಲಕ್ಕೆ ಬಂದೆ, ಪುಟ್ಟಮಾದುವೂ ಅಲ್ಲಿಗೇ ಬಂದ. ವಿಧಾನಗಳು ಬದಲಾದದ್ದನ್ನು ಹೇಳಬೇಕು. ಆರಂಭದಲ್ಲಿ ಲೈನ್ ಕ್ಲಿಯರಿಗೆ ಒಂದು ಪುಸ್ತಕವಿತ್ತು. ಸೈಕಲ್ಲಿನಲ್ಲಿ ಸಬ್‌ಸ್ಟೇಷನ್ನಿಗೆ ಹೋಗಿ ಸಹಿ ಮಾಡಿಸಿ ತರಬೇಕಿತ್ತು. ಆಮೇಲೆ ಫೋನ್ ಬಂತು, ಸಹಿ ಹೋಗಿ ನಂಬರು ಉಳಿಯಿತು. ಆಮೇಲೆ ಎಲ್ಲರ ಜೇಬಿಗೂ ಮೊಬೈಲ್ ಬಂತು, ನಂಬರೂ ಸವೆಯತೊಡಗಿತು. "ಮೇಡಂ, ಮುಗೀತು, ಹಾಕ್ಸಿ" ಎಂದರೆ ಸಾಕಾಯಿತು. ಆಪರೇಟರಿಗೆ ನನ್ನ ದನಿ ಗೊತ್ತು, ನನಗೆ ಅವನ ದನಿ ಗೊತ್ತು, ಇಬ್ಬರ ನಡುವೆ ನಂಬರು ಏಕೆ ಎಂದುಕೊಂಡೆವು. ಇದನ್ನು ಆಗ ನಾವು ಆತ್ಮೀಯತೆ ಎಂದು ಕರೆಯುತ್ತಿದ್ದೆವು.

ಈಗ ನಾಯಕರ ವಿಷಯ. ಅವರ ಹೆಸರು ಬೇಡ. ಊರಿಗೆಲ್ಲ ಅವರು 'ಅಣ್ಣ'. ಅವರ ತಂದೆಯೂ ನಾಯಕರಾಗಿದ್ದವರು. ಅಣ್ಣ ಕೆಟ್ಟವರೆಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಎದುರು ಸಿಕ್ಕರೆ ಮೊದಲು ಅವರೇ ನಮಸ್ಕಾರ ಮಾಡುತ್ತಿದ್ದರು. ನನ್ನ ಮಗಳ ಮದುವೆಗೆ ಬಂದು ಕುಳಿತು ಊಟ ಮಾಡಿ ಹೋದರು. ಒಬ್ಬರ ಮೇಲೂ ಕೂಗಾಡಿದ್ದನ್ನು ನಾನು ನೋಡಿಲ್ಲ. ಕೂಗಾಡುವ ಅಗತ್ಯವೇ ಅವರಿಗೆ ಬಿದ್ದಿರಲಿಲ್ಲ. ಅವರು ಬಯಸುವ ಮೊದಲೇ ಅದು ಆಗಿರುತ್ತಿತ್ತು. ಆಗಿಸುತ್ತಿದ್ದವರು ನಮ್ಮಂಥವರು.

ಕೊಳ್ಳೇಗಾಲದ ಅವರ ಮನೆಗೆ ಎರಡು ಫೀಡರುಗಳಿಂದ ಕರೆಂಟು ಬರುತ್ತಿತ್ತು. ಒಂದು ಹೋದರೆ ಅರೆ ಕ್ಷಣದಲ್ಲಿ ಇನ್ನೊಂದಕ್ಕೆ ತಾನಾಗಿ ಬದಲಾಗುವ ಸ್ವಿಚ್ಚು. ಇದನ್ನು ಅವರು ಕೇಳಿರಲಿಲ್ಲ. ನಾನೇ ಯೋಚಿಸಿ, ನಾನೇ ನಿಂತು ಹಾಕಿಸಿದ್ದು. ಇಂಥ ವ್ಯವಸ್ಥೆಗೆ ನಿಯಮದಲ್ಲಿ ಜಾಗವಿರಲಿಲ್ಲ. ನಮ್ಮ ಕಾರ್ಯಪಾಲಕ ಇಂಜಿನಿಯರು, ಯಾವ ಪ್ರಶ್ನೆಗೂ "ಅಡ್ಜಸ್ಟ್ ಮಾಡಿಯಮ್ಮ" ಎಂಬ ಒಂದೇ ಉತ್ತರವಿದ್ದ ಮನುಷ್ಯ, ಅದನ್ನು ನೋಡಿ ನನ್ನ ಬೆನ್ನು ತಟ್ಟಿದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಮನೆಗೆ ಬಂದು ನಮ್ಮವರ ಮುಂದೆ ನಕ್ಷೆ ಬಿಡಿಸಿ ವಿವರಿಸಿದೆ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದ ಅವರು, "ನಮ್ಮ ಮನೆಗೆ ಯಾವಾಗ?" ಎಂದಷ್ಟೇ ಕೇಳಿದರು.

ಅಲ್ಲಿಗೇ ನಿಲ್ಲಿಸಲಿಲ್ಲ. ಆಪರೇಟರುಗಳನ್ನೆಲ್ಲ ಕೂರಿಸಿಕೊಂಡು ಒಂದು ಬಾಯಿಮಾತಿನ ಆದೇಶವನ್ನೂ ಕೊಟ್ಟೆ: "ಅಣ್ಣನ ಕಡೆಯಿಂದ ಫೋನ್ ಬಂದರೆ ಮೊದಲು ಮಾಡಿಬಿಡಿ, ಪುಸ್ತಕದಲ್ಲಿ ಆಮೇಲೆ ಬರೆದುಕೊಳ್ಳಿ." ಸಿದ್ದರಾಜು ಎಂಬ ಆಪರೇಟರ್, ಅಕ್ಷರ ಅಕ್ಷರ ಬಿಡಿಸಿ ಓದುವ ನಿಧಾನದ ಮನುಷ್ಯ, ತಲೆ ಕೆರೆದುಕೊಂಡು ಕೇಳಿದ: "ಬರವಣಿಗೇಲಿ ಕೊಟ್ಬುಡಿ ಮೇಡಂ, ಗ್ವಾಡೆಗೆ ಅಂಟಿಸ್ಕತೀನಿ."

"ಇಂಥದನ್ನೆಲ್ಲ ಬರವಣಿಗೇಲಿ ಕೊಡ್ತಾರೇನಯ್ಯ?" ಎಂದು ನಕ್ಕೆ. ಎಲ್ಲರೂ ನಕ್ಕರು. ಸಿದ್ದರಾಜುವೂ ನಕ್ಕ.

ಹನೂರಿನಲ್ಲಿ ಒಂದು ಅಹವಾಲು ಸಭೆ ನಡೆಯಿತು. ಪಂಪ್‌ಸೆಟ್ಟಿಗೆ ಹಗಲು ಕರೆಂಟಿಲ್ಲವೆಂದು ಜನ ಎದ್ದು ನಿಂತರು. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು, "ಮಿಕ್ಸಿ ತಕಂಡು ಎರಡ್ ವರ್ಷಾಯ್ತು ಸಾ, ಇನ್ನೂ ಅದ್ರ ಸದ್ದೇ ಕೇಳ್ನಿಲ್ಲ ನಾನು" ಎಂದಾಗ ಸಭೆ ಗೊಳ್ಳೆಂದಿತು. ಅಣ್ಣ ನಿಜವಾಗಿ ಆಶ್ಚರ್ಯಪಟ್ಟರು. ಅವರ ಹುಬ್ಬು ಮೇಲೇರಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. "ಹಂಗೇನಿಲ್ವಲ್ಲಾ, ನಮ್ಮನೇಲಿ ಒಂದಿನಾನೂ ಹೋಗಿಲ್ಲ. ಅಲ್ವೇನಮ್ಮ ಇಂಜಿನಿಯರೇ?" ಎಂದು ನನ್ನ ಕಡೆ ತಿರುಗಿದರು. ನೂರಾರು ಜನರ ಮುಂದೆ ನಾನು ಎದ್ದು ನಿಂತು, "ಹೌದು ಸಾರ್, ಒಂದು ದಿನವೂ ಹೋಗಿಲ್ಲ" ಎಂದೆ. ಅಪ್ಪಟ ಸತ್ಯ. ನನ್ನ ಜೀವಮಾನದಲ್ಲಿ ಅಷ್ಟು ಸತ್ಯವಾದ ಮಾತನ್ನು ಅಷ್ಟು ನಾಚಿಕೆಯಿಲ್ಲದೆ ಹೇಳಿದ್ದು ಅದೇ ಮೊದಲು.

ನಿವೃತ್ತಿಗೆ ನಾಲ್ಕು ವರ್ಷವಿದ್ದಾಗ ಅಣ್ಣನಿಗೆ ಹೊಸ ಸ್ಥಾನ ಸಿಕ್ಕಿತು. ಹನೂರಿನಿಂದ ಕೊಳ್ಳೇಗಾಲಕ್ಕೆ ಮೆರವಣಿಗೆ. ಈಗ ಹಾರವನ್ನು ಕೈಯಲ್ಲಿ ಹಾಕುವ ಕಾಲ ಹೋಯಿತಷ್ಟೆ, ಕ್ರೇನಿನಲ್ಲಿ ತೂಗುಹಾಕುತ್ತಾರೆ. ಕುಂತೂರಿನ ಅಭಿಮಾನಿಗಳು ಎಳೆ ಕಬ್ಬಿನ ಜಲ್ಲೆಗಳಿಂದ ಎರಡಾಳೆತ್ತರದ ಹಾರ ಕಟ್ಟಿಸಿದ್ದರು. ಅದನ್ನು ಎತ್ತಲು ಆರಿಸಿದ ಜಾಗ ಮಧುವನಹಳ್ಳಿ. ಅಲ್ಲಿ ರಸ್ತೆಯ ಮೇಲೆ ನಮ್ಮ ಹನ್ನೊಂದು ಸಾವಿರ ವೋಲ್ಟಿನ ತಂತಿ ಅಡ್ಡ ಹಾಯುತ್ತದೆ. ಹಸಿ ಕಬ್ಬು, ಕಬ್ಬಿಣದ ಕ್ರೇನು, ಮೇಲೆ ಹೈಟೆನ್ಷನ್ ತಂತಿ.

ಜಾಗ ಬದಲಾಯಿಸಿ ಎಂದು ಹೇಳಬೇಕಾದ ಅಧಿಕಾರಿ ನಾನು. ಅಣ್ಣನ ಆಪ್ತ ಸಹಾಯಕ ಶಿವಸ್ವಾಮಿ ಹಿಂದಿನ ದಿನ ಫೋನ್ ಮಾಡಿ, "ತಂತಿಗೇನಾರಾ ಒಂದು ವ್ಯವಸ್ತೆ ಮಾಡಿ ಮೇಡಂ" ಎಂದಾಗ ನನ್ನ ಬಾಯಿಂದ ಬಂದದ್ದು "ಆಯ್ತು ಸಾರ್". ತೊಂದರೆ ಏನೆಂದರೆ ಅದೇ ಫೀಡರಿನಲ್ಲಿ ಕೊಳ್ಳೇಗಾಲದ ಸಭಾಭವನವೂ ಇತ್ತು, ಅಲ್ಲಿ ಮೈಕು, ಫ್ಯಾನು, ಎಲ್ಲ ಓಡಬೇಕು. ಜನರೇಟರ್ ಇತ್ತು, ಆದರೆ ಅದರ ಸದ್ದಿಗೆ ಅಣ್ಣನಿಗೆ ತಲೆನೋವು ಬರುತ್ತದಂತೆ. ಹಾಗಾಗಿ ನಾನು ಒಂದು ಬುದ್ಧಿವಂತಿಕೆ ಮಾಡಿದೆ. ಫೀಡರನ್ನು ಹದಿನೈದು ನಿಮಿಷ ಆಫ್ ಮಾಡಿಸುವುದು, ಪುಟ್ಟಮಾದು ಕಂಬ ಹತ್ತಿ ಮಧುವನಹಳ್ಳಿ ಕಡೆಗೆ ಹೋಗುವ ಕೊಂಡಿ ತಂತಿಗಳನ್ನು ಬಿಚ್ಚುವುದು, ಇಳಿದ ಮೇಲೆ ಭವನಕ್ಕೆ ಮತ್ತೆ ಕರೆಂಟು ಕೊಡುವುದು. ಆ ಕೊಂಡಿಯಿಂದಾಚೆಯ ಊರುಗಳಿಗೆ ಸಂಜೆಯವರೆಗೆ ಕರೆಂಟಿರುವುದಿಲ್ಲ. ಅದನ್ನು ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಹನ್ನೊಂದು ಎರಡಕ್ಕೆ ಸಬ್‌ಸ್ಟೇಷನ್ನಿನಲ್ಲಿದ್ದ ಸಿದ್ದರಾಜು ಫೀಡರ್ ಆಫ್ ಮಾಡಿ, ಲೈನ್ ಕ್ಲಿಯರ್ ಕೊಟ್ಟ. ಪುಟ್ಟಮಾದು ಚೀಲದಿಂದ ಸರಪಳಿ ತೆಗೆದ. ಅಷ್ಟರಲ್ಲಿ ನನ್ನ ಫೋನು ಮೂರು ಸಲ ಹೊಡೆದುಕೊಂಡಿತ್ತು.

"ಸರಪಳಿ ಗಿರಪಳಿ ಬೇಡ ಪುಟ್ಟಮಾದು, ಹತ್ತು, ಬೇಗ ಮುಗಿಸು" ಎಂದೆ.

ಅವನು ಗೂಟ ಹೊಡೆಯುತ್ತಲೇ ಇದ್ದ. "ಅಣ್ಣ ಬಂದ್ರೆ ಬರ್ಲಿ ಬುಡಿ ಮೇಡಂ. ನಾನೇನು ಅಣ್ಣಂಗೆ ಆರ ಆಕದಿಲ್ವಲ್ಲ."

"ಎಲ್ಲರೂ ಕಾಯ್ತಿದ್ದಾರೆ ಕಣಯ್ಯ."

"ನನ್ನೂ ಮನೇಲಿ ಕಾಯ್ತಾರೆ" ಎಂದು, ಕೋಲೆತ್ತಿ ಸರಪಳಿ ಸಿಕ್ಕಿಸಿಯೇ ಹತ್ತಿದ. ನನ್ನ ಆಜ್ಞೆಯನ್ನು ಮೀರಿದ್ದಕ್ಕೆ ಒಳಗೊಳಗೇ ಸಿಟ್ಟು ಬಂತು. ನೋಟಿಸ್ ಕೊಡಬೇಕೆಂದುಕೊಂಡೆ, ನಿಜವಾಗಿಯೂ.

ಎರಡು ಕೊಂಡಿ ಬಿಚ್ಚಿ, ಮೂರನೆಯದಕ್ಕೆ ಕೈ ಹಾಕಿದ್ದಾನೆ. ಶಿವಸ್ವಾಮಿಯ ಫೋನು. ಹಿಂದೆ ತಮಟೆ, ಜೈಕಾರ. "ಮೇಡಂ, ಲೈನ್ ಕ್ಲಿಯರ್ ಆಯ್ತಾ?"

ನೀವು ನನ್ನ ಜಾಗದಲ್ಲಿದ್ದರೆ ಏನೆನ್ನುತ್ತಿದ್ದಿರಿ? ನಮ್ಮ ಭಾಷೆಯಲ್ಲಿ ಅದು ಆಗಿ ಹತ್ತು ಹದಿನೈದು ನಿಮಿಷವಾಗಿತ್ತು. "ಆಗಿದೆ ಸಾರ್, ಲೈನ್ ಕ್ಲಿಯರ್ ಆಗಿದೆ" ಎಂದೆ.

ಶಿವಸ್ವಾಮಿಯ ಭಾಷೆಯಲ್ಲಿ ಲೈನ್ ಕ್ಲಿಯರ್ ಎಂದರೆ ದಾರಿ ಸಲೀಸಾಯಿತು, ಎಲ್ಲ ಮುಗಿಯಿತು, ಇನ್ನು ನುಗ್ಗಬಹುದು. ಭವನದಲ್ಲಿ ಮೈಕು ಸತ್ತು ಕೂತಿದೆಯೆಂದು ಅವನಿಗೆ ಅಲ್ಲಿಂದ ಬೇರೆ ಫೋನು ಬಂದಿತ್ತು. ಅವನು ನೇರ ಸಿದ್ದರಾಜುವಿಗೆ ಫೋನ್ ಹಚ್ಚಿದ. ಆ ಮಾತುಕತೆ ನನಗೆ ಆಮೇಲೆ ಸಿದ್ದರಾಜುವಿನ ಬಾಯಿಂದ ತಿಳಿದದ್ದು.

"ಲೈನ್ ಕ್ಲಿಯರ್ ಅಂತೆ, ಆಕಪ್ಪಾ ಕರೆಂಟ."

"ಮೇಡಂ ಯೋಳಿದ್ರಾ ಸಾ? ನಂಬರ್ ಯೋಳ್ನಿಲ್ವಾ?"

"ಯಾವ ನಂಬರ್ಲಾ? ತಗೊ, ಅಣ್ಣಂಗೇ ಕೊಡ್ತೀನಿ."

ಅಣ್ಣ ಫೋನ್ ತೆಗೆದುಕೊಂಡು ಶಾಂತವಾಗಿ ಹೇಳಿದರು: "ನಾನು ಹೇಳ್ತಿದ್ದೀನಪ್ಪ. ಹಾಕು."

ಮೊದಲು ಮಾಡು, ಆಮೇಲೆ ಬರೆದುಕೋ. ಸಿದ್ದರಾಜು ಹಾಕಿದ. ಹನ್ನೊಂದು ಹದಿನೇಳು.

ಮೊದಲು ಬೆಳಕು, ಆಮೇಲೆ ಸದ್ದು. ಸರಪಳಿ ನೀಲಿಯಾಗಿ ಉರಿಯಿತು, ಗೂಟದ ಸುತ್ತಲಿನ ಮಣ್ಣು ಸಿಡಿಯಿತು. ಚಪ್ಪಲಿಯ ಅಡಿಯಿಂದ ಮೊಣಕಾಲಿನವರೆಗೆ ಇರುವೆಗಳು ಸರ್ರನೆ ಹತ್ತಿದಂತಾಯಿತು. ತಲೆಯೆತ್ತಿದೆ. ಪುಟ್ಟಮಾದು ಕಂಬದಿಂದ ಜಾರಿ, ಸೊಂಟದ ಬೆಲ್ಟಿನಲ್ಲಿ ಹಿಂದಕ್ಕೆ ಬಾಗಿ ನೇತಾಡುತ್ತಿದ್ದ. ಒಂದು ಕೈಯಿಂದ ಹೊಗೆ ಬರುತ್ತಿತ್ತು. ಸರಪಳಿ ತನ್ನ ಕೆಲಸ ಮಾಡಿತ್ತು. ಆದರೆ ಒಂದು ತುದಿ ಕರಗಿ ಕಳಚಿ ಬಿದ್ದಿತ್ತು. ಇನ್ನೊಮ್ಮೆ ಕರೆಂಟು ಬಂದರೆ ಅವನ ಮತ್ತು ಹನ್ನೊಂದು ಸಾವಿರ ವೋಲ್ಟಿನ ನಡುವೆ ಏನೂ ಇರಲಿಲ್ಲ.

ಆಗ ನನ್ನ ಕೈಯಲ್ಲಿದ್ದ ಫೋನು ಮತ್ತೆ ಬಡಿದುಕೊಂಡಿತು. ಶಿವಸ್ವಾಮಿ. "ಏನ್ ಮೇಡಂ, ಕರೆಂಟು ಬಂದು ಓಯ್ತಂತಲ್ಲಾ! ಇನ್ನೊಂದ್ಸಲ ಆಕ್ಸಿ!"

ನಾನು, "ಆಯ್ತು ಸಾರ್" ಎಂದೆ.

ಯೋಚಿಸಿ ಹೇಳಿದ್ದಲ್ಲ. ಬಾಯಿ ತಾನಾಗಿ ಹೇಳಿತು, ಸೀನು ಬಂದ ಹಾಗೆ. ಮೇಲಿನಿಂದ ಪುಟ್ಟಮಾದುವಿಗೆ ಅದು ಕೇಳಿಸಿತು. "ಮೇಡಂ!" ಎಂದು ಅವನು ಕೂಗಿದ ದನಿಯನ್ನು ಅದಕ್ಕೆ ಮೊದಲೂ ಆಮೇಲೂ ಯಾವ ಮನುಷ್ಯನ ಗಂಟಲಿನಿಂದಲೂ ನಾನು ಕೇಳಿಲ್ಲ.

ಫೋನ್ ಕತ್ತರಿಸಿ ಸಿದ್ದರಾಜುವಿಗೆ ಮಾಡಿದೆ. ಬಿಜಿ. ಮತ್ತೆ ಮಾಡಿದೆ. ಬಿಜಿ. ಅಣ್ಣನ ಕಡೆಯವರೇ ಅವನ ಜೊತೆ ಮಾತಾಡುತ್ತಿದ್ದರು. ಪುಟ್ಟಮಾದು ಸುಟ್ಟ ಕೈಯನ್ನು ಎದೆಗೊತ್ತಿಕೊಂಡು, ಒಂದೇ ಕೈಯಲ್ಲಿ ಕಂಬ ಹಿಡಿದು, ಒಂದೊಂದೇ ಮೆಟ್ಟಿಲು ಇಳಿಯತೊಡಗಿದ. ನಾನು ಕೆಳಗೆ ನಿಂತು ಫೋನ್ ಒತ್ತುತ್ತಿದ್ದೆ. ಎರಡು ನಿಮಿಷವೋ ಮೂರು ನಿಮಿಷವೋ ಲಾಗ್ ಪುಸ್ತಕದಲ್ಲಿಲ್ಲ. ನಾನು ಇವತ್ತಿಗೂ ಮತ್ತೆ ಮತ್ತೆ ಹಾದುಹೋಗುವುದು ಆ ನಿಮಿಷಗಳಲ್ಲೇ. ಅವನ ಕಾಲು ಮಣ್ಣು ಮುಟ್ಟಿತು. ಕುಕ್ಕರಗಾಲಲ್ಲಿ ಕುಸಿದು, "ಯಾವನ್ಲಾ ಅವ್ನು ಆಕ್ದವ್ನು?" ಎಂದ.

ಎರಡನೆಯ ಸಲ ಕರೆಂಟು ಏಕೆ ಬರಲಿಲ್ಲ? ಸಿದ್ದರಾಜು ಹಾಕಲಿಲ್ಲ. ತಂತಿ ಭೂಮಿ ಮುಟ್ಟಿದೆ ಎಂದು ಪ್ಯಾನಲ್ಲಿನಲ್ಲಿ ಕೆಂಪು ಸೂಚನೆ ಕಂಡಿದ್ದೇ, ಕರೆಂಟು ಹಾಕುವ ಹ್ಯಾಂಡಲ್ ಕಳಚಿ ತೊಡೆಯ ಮೇಲೆ ಇಟ್ಟುಕೊಂಡು ಕೂತುಬಿಟ್ಟಿದ್ದನಂತೆ. ಫೋನಿನಲ್ಲಿ ಎಷ್ಟು ಗದರಿದರೂ, "ಯಾರೋ ಕಂಬದ ಮ್ಯಾಲವ್ರೆ ಸಾ, ನನ್ ಕೈಲಿ ಆಗದಿಲ್ಲ" ಎಂಬ ಒಂದೇ ಮಾತು.

ಕಬ್ಬಿನ ಹಾರವನ್ನು ಅರ್ಧ ಕಿಲೋಮೀಟರ್ ಆಚೆ, ತಂತಿಯಿಲ್ಲದ ಬಯಲಿನಲ್ಲಿ ಎತ್ತಿದರು. ಐದು ನಿಮಿಷದ ಕೆಲಸ. ಮೊದಲೇ ಅಲ್ಲಿ ಎತ್ತಿಸಿ ಎಂದು ನಾನು ಹೇಳಿದ್ದರೂ ಐದೇ ನಿಮಿಷ ಆಗುತ್ತಿತ್ತು.

ಮರುದಿನ ಅಣ್ಣ ಆಸ್ಪತ್ರೆಗೆ ಬಂದರು. ಹಣ್ಣಿನ ಬುಟ್ಟಿ, ಇಬ್ಬರು ಫೋಟೋದವರು. ಪುಟ್ಟಮಾದುವಿನ ಹಾಸಿಗೆಯ ತುದಿಯಲ್ಲಿ ಕುಳಿತು, ನಿಜವಾದ ಅಕ್ಕರೆಯಿಂದ, "ಯಾಕಪ್ಪಾ, ಹುಷಾರಾಗಿರಬಾರದಾ?" ಎಂದರು.

"ಉಸಾರಾಗೇ ಇದ್ದಿ ಸಾ. ಅದ್ಕೇ ಇವತ್ತು ನಿಮ್ ಜೊತೆ ಮಾತಾಡ್ತಾವ್ನಿ."

ಅಣ್ಣ ನಕ್ಕು ಅವನ ಭುಜ ತಟ್ಟಿದರು. ಹೊರಗೆ ಬಂದು ನಮ್ಮ ಕಾರ್ಯಪಾಲಕರಿಗೆ, "ಆ ಆಪರೇಟರ್ ಮೇಲೆ ಕ್ರಮ ತಗೊಳ್ಳಿ. ಒಬ್ಬನ ಬೇಜವಾಬ್ದಾರಿ ನೋಡಿ, ಎಂಥಾ ಅನಾಹುತ ಆಗ್ತಿತ್ತು" ಎಂದರು. ನನ್ನ ಕಡೆ ತಿರುಗಿ, "ನೀವು ಚೆನ್ನಾಗಿ ಮ್ಯಾನೇಜ್ ಮಾಡಿದ್ರಿ" ಎಂದರು. ಅವರ ಮುಖವನ್ನೇ ನೋಡಿದೆ. ನಾಟಕದ ಒಂದು ಗೆರೆಯೂ ಇರಲಿಲ್ಲ.

ಸಿದ್ದರಾಜು ಅಮಾನತಾದ. ವಿಚಾರಣೆಗೆ ನಾನು ಕೊಟ್ಟ ವರದಿಯನ್ನು ಹೊಸಬರು ಕನ್ನಡ ಕಲಿಯುವುದಕ್ಕಾದರೂ ಓದಬೇಕು: 'ಸದರಿ ಫೀಡರ್ ಚಾರ್ಜ್ ಮಾಡಲ್ಪಟ್ಟಿದ್ದು, ಸಿಬ್ಬಂದಿಗೆ ಗಾಯ ಸಂಭವಿಸಿರುತ್ತದೆ. ಮೌಖಿಕ ಆದೇಶ ನೀಡಲಾಗಿರುವುದಿಲ್ಲ.' ಇಡೀ ಪುಟದಲ್ಲಿ ಒಬ್ಬ ಮನುಷ್ಯನೂ ಇಲ್ಲ. ಫೀಡರ್ ತಾನಾಗಿ ಚಾರ್ಜಾಯಿತು, ಗಾಯ ತಾನಾಗಿ ಆಯಿತು. ಕಾರ್ಯಪಾಲಕರು ಓದಿ, "ಚೆನ್ನಾಗಿ ಅಡ್ಜಸ್ಟ್ ಮಾಡಿದ್ದೀರಮ್ಮ" ಎಂದರು. ಅಂದಿನಿಂದ ನನಗೆ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಕಂಬ, ಕಣ್ಣು ಬಿಟ್ಟರೆ ಗಡಿಯಾರ.

ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಸಿದ್ದರಾಜು ನಮ್ಮ ಮನೆಗೆ ಬಂದ. ಅವನ ಊರು ಧನಗೆರೆ. ಚೀಲದಲ್ಲಿ ಅವರೆಕಾಯಿ ತಂದಿದ್ದ. ಬೈಯಲು ಬಂದಿದ್ದಾನೆಂದು ನಾನು ಸಿದ್ಧಳಾಗಿ ಕೂತೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು.

"ಮೇಡಂ, ಆರೋಪಕ್ಕೆ ಉತ್ರ ಬರ್ಕೊಡ್ಬೇಕಂತೆ. ಕೆಲಸದಿಂದಲೇ ತಗೀತಾರಂತೆ. ನಿಮ್ ಕನ್ನಡ ಚೆಂದಾಗದೆ, ನೀವೇ ಬರ್ಕೊಡಿ."

"ನಾನಾ?"

"ಇನ್ಯಾರ್ ಬರ್ದಾರು? ಆಮ್ಯಾಕೆ ಮೇಡಂ, ನೀವು ಅವತ್ತು ಅಂದ್ರಲ್ಲ, ಮೊದ್ಲು ಮಾಡಿ ಆಮೇಲೆ ಬರೀರಿ ಅಂತ. ಅದೊಂದ ಬರೀಬೇಡಿ. ನಿಮಗೆ ತೊಂದ್ರೆ ಆಯ್ತದೆ."

ಬಿಳಿ ಹಾಳೆ ತೆಗೆದುಕೊಂಡು ಕೂತೆ. ನನ್ನ ಕನ್ನಡ ಅವತ್ತು ಕೈಕೊಟ್ಟಿತು. 'ನಾನು ಕರೆಂಟು ಹಾಕಿದೆ' ಎಂದು ಬರೆದರೆ, ಏಕೆ ಹಾಕಿದೆ ಎಂಬ ಮುಂದಿನ ವಾಕ್ಯ ನನ್ನನ್ನೇ ಕೇಳುತ್ತಿತ್ತು. ನಾಲ್ಕು ಹಾಳೆ ಹರಿದೆ. ಸಿದ್ದರಾಜು ನೆಲದ ಮೇಲೆ ಕೂತು ನಮ್ಮವರ ಜೊತೆ ಅವರೆಕಾಯಿ ಸುಲಿಯುತ್ತಿದ್ದ. ಕೊನೆಗೆ ಬರೆದೆ: 'ಶಾಖಾಧಿಕಾರಿಯವರು ಕೊಟ್ಟಿದ್ದ ಬಾಯಿಮಾತಿನ ಆದೇಶದಂತೆ ಹಾಗೂ ನಾಯಕರು ಸ್ವತಃ ಫೋನಿನಲ್ಲಿ ಹೇಳಿದ್ದರಿಂದ ಹಾಕಿದೆ.' ಅವನು ಬೆರಳಿಟ್ಟು ಓದಿ, "ಇದ ಬ್ಯಾಡ ಅಂದಿದ್ನಲ್ಲ ಮೇಡಂ" ಎಂದು ಗೊಣಗಿದ. ಇನ್ನೊಂದು ಹಾಳೆಯಲ್ಲಿ ನನ್ನ ಹಿಂದಿನ ವರದಿ ಸುಳ್ಳೆಂದು ನಾನೇ ಬರೆದೆ.

ಅಷ್ಟು ಮಾಡಿ ಸುಮ್ಮನಿರಬಹುದಿತ್ತು. ಆದರೆ ಬುದ್ಧಿವಂತಿಕೆ ನನ್ನನ್ನು ಪೂರ್ತಿ ಬಿಟ್ಟಿರಲಿಲ್ಲ. ಫೋನ್ ಮಾಡಿದ್ದು ನಿಜವೆಂದು ಅಣ್ಣನಿಂದಲೇ ಒಂದು ಸಾಲು ಬರೆಸಿಕೊಂಡರೆ ಸಿದ್ದರಾಜು ಪಾರಾಗುತ್ತಾನೆ ಎಂದುಕೊಂಡು ಸಂಜೆ ಅವರ ಮನೆಗೆ ಹೋದೆ. ಕಾಫಿ ಬಂತು. ಎಲ್ಲವನ್ನೂ ಹೇಳಿದೆ. ಅವರು ಪೂರ್ತಿ ಗಮನವಿಟ್ಟು ಕೇಳಿದರು.

"ನಾನಾ? ನಾನ್ಯಾಕಮ್ಮ ಆಪರೇಟರಿಗೆ ಫೋನ್ ಮಾಡ್ಲಿ?" ಎಂದರು. ಹನೂರಿನಲ್ಲಿ ಮೇಲೇರಿದ್ದ ಅದೇ ಹುಬ್ಬು. "ನನಗೆ ಕರೆಂಟಿನ ವಿಚಾರವೇ ಗೊತ್ತಿಲ್ಲ. ಯಾರೋ ಫೋನ್ ಕೊಟ್ಟಿರ್ತಾರೆ, ಏನೋ ಅಂದಿರ್ತೀನಿ. ದಿನಕ್ಕೆ ನೂರು ಫೋನು. ಆದ್ರೆ ನೋಡಿ, ಜವಾಬ್ದಾರಿ ಅನ್ನೋದು ಅವರವರಿಗೆ ಇರಬೇಕು..."

ಅವರು ಜವಾಬ್ದಾರಿಯ ಬಗ್ಗೆ ಬಹಳ ಚೆನ್ನಾಗಿ ಮಾತಾಡಿದರು. ನಡುವೆ ದೀಪ ಒಮ್ಮೆ ಮಿಟುಕಿತು. ಕಿಟಕಿಯಾಚೆ ಇಡೀ ಬೀದಿ ಕತ್ತಲಾಯಿತು. ಒಳಗೆ ಮಾತ್ರ ಬೆಳಕು ಅಲುಗಲಿಲ್ಲ. ಅವರು ಮಾತು ನಿಲ್ಲಿಸಲಿಲ್ಲ, ಅವರಿಗೆ ಅದು ಕಾಣಲೇ ಇಲ್ಲ. ನನಗೆ ಕಂಡಿತು. ಹೇಳಲು ನಾಚಿಕೆಯಾಗುತ್ತದೆ, ನನಗೆ ಆ ಕ್ಷಣ ಮೊದಲು ಆದದ್ದು ಖುಷಿ: ನನ್ನ ಸ್ವಿಚ್ಚು ಎಷ್ಟು ಚೆನ್ನಾಗಿ ಕೆಲಸ ಮಾಡಿತು! ಆಮೇಲೆ ಕಾಫಿಯ ಲೋಟ ಕೆಳಗಿಟ್ಟೆ. ಅವರು ತಮ್ಮನ್ನು ತಾವು ನೋಡಿಕೊಳ್ಳುವುದಿಲ್ಲ ಎಂದು ಮೂರು ತಿಂಗಳಿಂದ ಮನಸ್ಸಿನಲ್ಲೇ ಅವರಿಗೆ ಬೈಯುತ್ತಿದ್ದೆ. ನೋಡಿಕೊಳ್ಳಬೇಕಾದ ಸಂದರ್ಭ ಅವರಿಗೆ ಒಂದು ದಿನವೂ ಬಾರದ ಹಾಗೆ ಸ್ಪ್ಯಾನರ್ ಹಿಡಿದು ನಿಂತಿದ್ದವಳು ನಾನು.

ಮರುದಿನ ಆ ಎರಡನೆಯ ಫೀಡರನ್ನು ಕಳಚಿಸಿದೆ. ಕಾರ್ಯಪಾಲಕರು, "ಏನಮ್ಮ ಇದು?" ಎಂದರು. "ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್" ಎಂದೆ. ಅವರ ಮಾತನ್ನು ಅವರಿಗೇ ಕೊಟ್ಟ ಸಂತೋಷ ಅರ್ಧ ಗಂಟೆ ಉಳಿಯಿತು.

ವಿಚಾರಣಾಧಿಕಾರಿ ಮೈಸೂರಿನಿಂದ ಬಂದ ನಿಧಾನದ ಮನುಷ್ಯ. ಸಿದ್ದರಾಜುವಿನ ಉತ್ತರವನ್ನೂ ನನ್ನ ಹೇಳಿಕೆಯನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು.

"ಎರಡೂ ಒಂದೇ ಕೈಬರಹ."

"ಹೌದು ಸಾರ್. ಎರಡನ್ನೂ ನಾನೇ ಬರೆದದ್ದು."

"ಆರೋಪಿಯ ಉತ್ತರ ನೀವು ಬರೆದಿರಾ?"

"ಅವನಿಗೆ ಆದೇಶ ಕೊಟ್ಟವಳೂ ನಾನೇ ಸಾರ್. ಬರವಣಿಗೆಯಲ್ಲಿ ಕೊಡು ಅಂತ ಅವನು ಅವತ್ತೇ ಕೇಳಿದ್ದ. ಸ್ವಲ್ಪ ತಡವಾಗಿ ಕೊಟ್ಟಿದ್ದೇನೆ."

ಅವರು ನಗಲಿಲ್ಲ. ಆದರೆ ಬರೆದುಕೊಂಡರು. ಸಿದ್ದರಾಜುವಿಗೆ ಎಚ್ಚರಿಕೆ ಕೊಟ್ಟು ಕೆಲಸಕ್ಕೆ ವಾಪಸ್ ತೆಗೆದುಕೊಂಡರು. ನನ್ನ ವಾರ್ಷಿಕ ವೇತನ ಬಡ್ತಿ ತಡೆಹಿಡಿದರು, ಸುಳ್ಳು ವರದಿಗೆ ಸೇವಾ ಪುಸ್ತಕದಲ್ಲಿ ಕೆಂಪು ಇಂಕಿನ ಸಾಲೊಂದು ಬಿತ್ತು. ನಾಯಕರ ಪ್ರಸ್ತಾಪ ಅಂತಿಮ ವರದಿಯಲ್ಲಿ 'ಹೊರಗಿನ ಒತ್ತಡ' ಎಂದು ಬಂತು. ಯಾವ ಕಡೆಯ ಹೊರಗು ಎಂದು ಬರೆದಿರಲಿಲ್ಲ. ಪುಟ್ಟಮಾದುವಿನ ಎಡಗೈಯ ಎರಡು ಬೆರಳು ಇಂದಿಗೂ ಮಡಚುವುದಿಲ್ಲ. ಅವನು ಯಾರನ್ನೂ ದೂರಲಿಲ್ಲ. ನನ್ನನ್ನು ಕಂಡಾಗ ಮಾತ್ರ ಸರಪಳಿಯ ಚೀಲವನ್ನು ಒಮ್ಮೆ ಅಲುಗಿಸಿ ಸದ್ದು ಮಾಡುತ್ತಿದ್ದ.

ಇಷ್ಟಾದರೂ ನಿದ್ದೆ ಬರಲಿಲ್ಲ. ತಪ್ಪೊಪ್ಪಿಕೊಂಡರೆ ನಿದ್ದೆ ಬರುತ್ತದೆಂದು ಎಲ್ಲೋ ಓದಿದ್ದೆ, ಬರೆದವರು ಮಲಗಿ ನೋಡಿರಲಿಕ್ಕಿಲ್ಲ. ಆ ಬಾಯಿ ಇನ್ನೂ ನನ್ನದೇ ಮುಖದಲ್ಲಿತ್ತು. ಇನ್ನೊಂದು ದಿನ, ಇನ್ನೊಂದು ಕಂಬದ ಕೆಳಗೆ ಅದು ಏನು ಹೇಳುತ್ತದೋ ಎಂಬುದೇ ನನ್ನ ದಿಗಿಲು.

ಘಟನೆಯಾಗಿ ಎಂಟು ತಿಂಗಳಿಗೆ ಆ ದಿನ ಬಂತು. ಗಾಳಿಗೆ ಮರ ಬಿದ್ದು ತಂತಿ ಹರಿದಿತ್ತು, ಇಬ್ಬರು ಕಂಬದ ಮೇಲಿದ್ದರು. ಮಧ್ಯಾಹ್ನ ಮೂರಕ್ಕೆ ಫೋನು. ಈ ಸಲ ಶಿವಸ್ವಾಮಿಯಲ್ಲ, ಖುದ್ದು ಅಣ್ಣ.

"ಏನಮ್ಮ, ಮನೇಲಿ ಎರಡು ಗಂಟೆಯಿಂದ ಕರೆಂಟಿಲ್ಲ. ಯಾವಾಗಲೂ ಹಿಂಗಾಗಿರಲಿಲ್ಲ. ಆಪರೇಟರಿಗೆ ಹೇಳಿದ್ರೆ ಅವನು ನನ್ನನ್ನೇ ನಂಬರ್ ಕೇಳ್ತಾನೆ! ಯಾರು ಅವನು?"

"ಸಿದ್ದರಾಜು ಸಾರ್."

"ಸ್ವಲ್ಪ ಹೇಳಿ ಅವನಿಗೆ, ಹಾಕ್ಲಿ."

ನಾಲಿಗೆಯ ತುದಿಗೆ 'ಆ' ಬಂದು ನಿಂತಿತು. ಮೂವತ್ತು ವರ್ಷದ ಅಭ್ಯಾಸ, ಸುಮ್ಮನೆ ಹೋಗುವುದಿಲ್ಲ. ನಾಲಿಗೆ ಕಚ್ಚಿಕೊಂಡೆ, ನಿಜಕ್ಕೂ ಕಚ್ಚಿಕೊಂಡೆ, ನೋವಾಯಿತು.

"ಆಗಲ್ಲ ಸಾರ್. ಮೇಲೆ ಜನ ಇದ್ದಾರೆ."

"ಎಷ್ಟೊತ್ತು?"

"ಅವರು ಇಳಿಯೋವರೆಗೂ ಸಾರ್."

ಅಣ್ಣ, "ಸರಿ, ಎಲ್ಲರಿಗೂ ಏನಾಗಿದೆಯೋ ಈಚೆಗೆ" ಎಂದು ಫೋನಿಟ್ಟರು. ಐದು ಇಪ್ಪತ್ತಕ್ಕೆ ಇಬ್ಬರೂ ಇಳಿದರು, ನಂಬರು ಹೇಳಿದರು. ಸಿದ್ದರಾಜು ಪುಸ್ತಕದಲ್ಲಿ ಬರೆದು, ಆಮೇಲೆ ಕರೆಂಟು ಹಾಕಿದ.

ಮನೆಗೆ ಬಂದು, ಉಂಡು, ಒಂಬತ್ತಕ್ಕೆ ಚಾಪೆಯ ಮೇಲೆ ಸುಮ್ಮನೆ ಒರಗಿದೆ. ಆಮೇಲೆ ಕೇಳಿಸಿದ್ದು ಕುಕ್ಕರಿನ ಸೀಟಿ. ಬಿಸಿಲು ಕಾಲ ಮೇಲಿತ್ತು. ನಮ್ಮವರು ಶಾಲೆಗೆ ಹೊರಡುವ ಅಂಗಿ ತೊಟ್ಟು, ನನ್ನ ಮೂಗಿನ ಬಳಿ ಬೆರಳು ಹಿಡಿದು ಕೂತಿದ್ದರು.

"ಏನ್ರೀ ಮಾಡ್ತಿದ್ದೀರಿ?"

"ಉಸಿರಾಡ್ತಿದ್ದೀಯಾ ಅಂತ ನೋಡ್ತಿದ್ದೆ. ಗಂಟೆ ಒಂಬತ್ತೂಕಾಲು ಕಣೇ."

ಆಫೀಸಿಗೆ ಹೋಗುವಾಗ ಹನ್ನೊಂದಾಗಿತ್ತು. ಹಾಜರಿ ಪುಸ್ತಕ ಕಾರ್ಯಪಾಲಕರ ಮೇಜಿಗೆ ಹೋಗಿಬಿಟ್ಟಿತ್ತು. ಲಿಖಿತ ವಿವರಣೆ ಕೇಳಿದರು. ಅಲ್ಲೇ ನಿಂತು ಬರೆದುಕೊಟ್ಟೆ: 'ನಾನು ನಿದ್ದೆ ಮಾಡುತ್ತಿದ್ದೆ.' ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು.

"ಹುಷಾರಿರಲಿಲ್ಲ ಅಂತ ಬರೀಬಾರದೇನಮ್ಮ?"

"ಹುಷಾರಾಗಿದ್ದೆ ಸಾರ್" ಎಂದೆ.